ನಾಲ್ಕು ವಾರ ದಾಟಿಸಿದರೆ ಸಾಕು

ಪ್ರಶ್ನೆ: ಅಮ್ಮಾ, ನಮಸ್ಕಾರ. ನಮ್ಮದು ಮದ್ದೂರು ಹತ್ತಿರದ ಹಳ್ಳಿ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಫ್ ಕೂರಿಸೋ ಕೆಲಸ. ಸೇರಿ ನಾಲ್ಕು ವರ್ಷ ಮೂರು ತಿಂಗಳಾಯಿತು. ಬೇಸಿಕ್, ಡಿ.ಎ. ಸೇರಿ 13,000 ರೂಪಾಯಿ ಸಂಬಳ. ಮಗಳಿಗೆ ಈಗ ನಾಲ್ಕೂವರೆ ತಿಂಗಳು. ಕಾಲು ಊದಿಕೊಂಡಿದ್ದರಿಂದ ಹೆರಿಗೆಗೆ ನಾಲ್ಕು ವಾರ ಮುಂಚೆಯೇ ರಜೆ ಹಾಕಿದ್ದೆ. ಇನ್ನು 18 ದಿನಕ್ಕೆ ರಜೆ ಮುಗಿಯುತ್ತೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ವ್ಯಾನ್ ಹತ್ತಿದರೆ ಮನೆ ಸೇರೋದು ಸಂಜೆ ಆರೂವರೆ. ಅತ್ತೆ ಮಗು ನೋಡಿಕೊಳ್ತೀನಿ ಅಂತಾರೆ, ಆದರೆ "ನಿನ್ನ ಹಾಲು ನೆಚ್ಚಿಕೊಂಡು ನಾನು ಕೂಸನ್ನ ಅಳಿಸಲಾರೆ, ಡಬ್ಬಿ ಹಾಲು ತಂದಿಡು" ಅಂತ ಹಟ. ಫ್ಯಾಕ್ಟರಿ ಕ್ರೆಶ್‌ನಲ್ಲಿ ವರ್ಷ ತುಂಬದ ಮಗು ಬೇಡ ಅಂದರು. ಸೂಪರ್‌ವೈಸರ್ "ರಿಸೈನ್ ಕೊಟ್ಟು ಪಿ.ಎಫ್. ತಗೊ, ಮಗು ದೊಡ್ಡದಾದ ಮೇಲೆ ಬಾ, ಸೇರಿಸ್ಕೊತೀವಿ" ಅಂತಾರೆ. ಪಿ.ಎಫ್. ದುಡ್ಡಲ್ಲಿ ಕೈಸಾಲ ತೀರುತ್ತೆ ಅಂತ ನಮ್ಮ ಯಜಮಾನರಿಗೂ ಅದೇ ಸರಿ ಅನ್ನಿಸಿದೆ. ನನಗೆ ಕೆಲಸ ಬಿಡೋಕೆ ಮನಸ್ಸಿಲ್ಲ, ಮಗುಗೆ ಹಾಲು ಬಿಡಿಸೋಕೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು ಮಗಳೇ, ರಾಜೀನಾಮೆ ಕಾಗದಕ್ಕೆ ಸಹಿ ಹಾಕಬೇಡ. ಬರೆದುಕೊಟ್ಟಿದ್ದರೆ ನಾಳೆಯೇ ಹೋಗಿ ವಾಪಸ್ ಕೇಳು. ಮಿಕ್ಕಿದ್ದನ್ನು ನಿಧಾನಕ್ಕೆ ಮಾತಾಡೋಣ.

ನಿನ್ನ ಕಾಗದ ಓದಿ ನಾನು ಕ್ಯಾಲೆಂಡರ್ ಹಿಡಿದು ಕೂತೆ. 26 ವಾರದ ರಜೆಯಲ್ಲಿ ನಾಲ್ಕು ವಾರ ಹೆರಿಗೆಗೆ ಮುಂಚೆಯೇ ಹೋಯಿತು. ಉಳಿದದ್ದು 22 ವಾರ. ಅಂದರೆ ನೀನು ವ್ಯಾನ್ ಹತ್ತೋ ದಿನ ನಿನ್ನ ಮಗಳಿಗೆ ಐದು ತಿಂಗಳು ತುಂಬಿರುತ್ತೆ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು. ಸರಿ ಶುರುವಾದರೆ ಮಧ್ಯಾಹ್ನದ ಹಸಿವಿನ ಅರ್ಧ ಭಾರ ನಿನ್ನ ಎದೆಯಿಂದ ಇಳಿದು ಅತ್ತೆಯ ಬಟ್ಟಲಿಗೆ ಹೋಗುತ್ತೆ. ಹಾಗಾದರೆ ಬರೀ ನಿನ್ನ ಹಾಲಿನ ಮೇಲೆಯೇ ಮಗು ನಿಲ್ಲಬೇಕಾದದ್ದು, ನೀನು ಮನೆಯಲ್ಲಿ ಇಲ್ಲದೆ ಇರೋದು, ಈ ಎರಡೂ ಒಟ್ಟಿಗೆ ಬರೋದು ಎಷ್ಟು ದಿನ? ನಾಲ್ಕು ವಾರ. ಭಾನುವಾರ ಕಳೆದರೆ 24 ದಿನ. ನಾಲ್ಕು ವರ್ಷದ ಕೆಲಸವನ್ನು 24 ದಿನಕ್ಕೆ ಹೆದರಿ ಬಿಡಬೇಕಾ?

ಇನ್ನೊಂದು ಲೆಕ್ಕವನ್ನು ನಿಮ್ಮ ಯಜಮಾನರ ಮುಂದೆ ಕೂತು ಮಾಡು. ಒಂದೇ ಕಡೆ ಬಿಡದೆ ಐದು ವರ್ಷ ದುಡಿದರೆ ಗ್ರಾಚ್ಯುಟಿ ಬರುತ್ತೆ, ಅಂದರೆ ಕೆಲಸ ಬಿಡೋವಾಗ ಕಂಪನಿ ಕೊಡೋ ಇಡಿಗಂಟು. ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು. ನಿನ್ನ 13,000ಕ್ಕೆ ವರ್ಷಕ್ಕೆ 7,500 ಆಯಿತು, ಐದು ವರ್ಷಕ್ಕೆ 37,500. ಹೆರಿಗೆ ರಜೆಯ 26 ವಾರವೂ ಸರ್ವಿಸ್‌ನಲ್ಲೇ ಸೇರುತ್ತೆ, ಅದನ್ನು ಯಾರೂ ಕಳೆಯೋ ಹಾಗಿಲ್ಲ. ನಿನಗೆ ಉಳಿದಿರೋದು ಒಂಬತ್ತು ತಿಂಗಳು. ಈಗ ಬಿಟ್ಟು ಆಮೇಲೆ ಸೇರಿದರೆ ನೀನು ಹೊಸಬಳು, ಮೊದಲ ದಿನದಿಂದ ಎಣಿಕೆ. "ಸೇರಿಸ್ಕೊತೀವಿ" ಅನ್ನೋದು ಬಾಯಿಮಾತು. ಆ ಸೂಪರ್‌ವೈಸರ್ ಆಗ ಅಲ್ಲಿ ಇರ್ತಾರೋ ಇಲ್ಲವೋ.

ಪಿ.ಎಫ್. ನಿನ್ನ ದುಡ್ಡು, ಅದು ಎಲ್ಲೂ ಓಡಿಹೋಗಲ್ಲ. 2016ರ ಏಪ್ರಿಲ್‌ನಲ್ಲಿ ಆ ದುಡ್ಡು ತೆಗೆಯೋಕೆ ಅಡ್ಡ ಬಂದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತು. ಅವರು ಹಾಗೆ ಸಿಟ್ಟಾದದ್ದು ಏಕೆ ಅಂತ ನನಗೆ ಗೊತ್ತು. ಹೆರಿಗೆ, ಮಗುವಿನ ಕಾಯಿಲೆ, ಮನೆ ಅಡ್ವಾನ್ಸ್, ಎಲ್ಲಕ್ಕೂ ಕೈಗೆ ಸಿಗೋ ಗಂಟು ಅದೊಂದೇ. ಆದರೆ ಆ ಗಂಟು ಬಿಚ್ಚೋದಕ್ಕೋಸ್ಕರ ಕೆಲಸವನ್ನೇ ಬಿಟ್ಟರೆ ನಷ್ಟ ನಿನ್ನದೇ.

ಇನ್ನು ಫ್ಯಾಕ್ಟರಿ ವಿಷಯ. ಮಗುಗೆ 15 ತಿಂಗಳು ತುಂಬೋವರೆಗೂ ಊಟದ ಬಿಡುವಿನ ಜೊತೆಗೆ ದಿನಕ್ಕೆ ಎರಡು ಸಲ ಹಾಲೂಡಿಸೋ ಬಿಡುವು ತಾಯಿಗೆ ಸಿಗಬೇಕು. ಇದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದ್ದ ಮಾತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೇ ಉಳಿದಿದೆ. ಕ್ರೆಶ್ ಅಂದರೆ ಆರು ವರ್ಷದೊಳಗಿನ ಮಕ್ಕಳಿಗೆ ಅಂತ ಕಾಯ್ದೆ ಹೇಳುತ್ತೆ. ಒಂದು ವರ್ಷ ತುಂಬಿರಬೇಕು ಅಂತ ಅದರಲ್ಲಿ ಇಲ್ಲ. ಆದರೂ ಐದು ತಿಂಗಳ ಕೂಸನ್ನು ದಿನಾ ಆ ವ್ಯಾನಿನ ನೂಕುನುಗ್ಗಲಲ್ಲಿ ಕರೆದುಕೊಂಡು ಹೋಗು ಅಂತ ನಾನು ಹೇಳಲಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಅದು ಪುಣ್ಯ. ಕ್ರೆಶ್ ಜಗಳ ಆಮೇಲೆ ನೋಡೋಣ, ಈಗ ಆ ಎರಡು ಬಿಡುವು ಕೇಳು.

ಬಾಯಲ್ಲಿ ಕೇಳಬೇಡ. ಕೆಲಸಕ್ಕೆ ಸೇರೋ ಒಂದು ವಾರ ಮುಂಚೆ ಎಚ್.ಆರ್.ಗೆ ಹೀಗೆ ಬರೆದುಕೊಡು: "ನಾನು ಇಂಥ ದಿನಾಂಕದಿಂದ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ನನ್ನ ಮಗು ಎದೆಹಾಲು ಕುಡಿಯುತ್ತಿದೆ. ಕಾಯ್ದೆಯಂತೆ ದಿನಕ್ಕೆ ಎರಡು ಬಿಡುವನ್ನು ಬೆಳಿಗ್ಗೆ ಹನ್ನೊಂದರ ಹೊತ್ತಿಗೂ ಮಧ್ಯಾಹ್ನ ಮೂರೂವರೆಗೂ ಕೊಡಬೇಕೆಂದು, ಹಾಲು ತೆಗೆಯಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ ಕೊಡಬೇಕೆಂದು ಕೋರುತ್ತೇನೆ." ಎರಡು ಪ್ರತಿ ಮಾಡು. ಒಂದಕ್ಕೆ ಸೀಲು ಹಾಕಿಸಿಕೊಂಡು ಮನೆಯಲ್ಲಿ ಇಡು. ನಿಮ್ಮ ಫ್ಯಾಕ್ಟರಿ ದವಾಖಾನೆಯಲ್ಲಿ ಒಬ್ಬ ನರ್ಸ್ ಇದ್ದರೆ ಮೊದಲು ಅವರ ಹತ್ತಿರ ಹೋಗು. ಅಲ್ಲಿ ಮಂಚ ಇರುತ್ತೆ, ಪರದೆ ಇರುತ್ತೆ, ಫ್ರಿಜ್ಜೂ ಇರಬಹುದು. ಇನ್ನೊಬ್ಬ ಹೆಣ್ಣುಮಗಳು ಜೊತೆಗಿದ್ದರೆ ಕೇಳೋಕೆ ಧೈರ್ಯ ಬರುತ್ತೆ. ಲೈನ್‌ನಲ್ಲಿ ಟಾರ್ಗೆಟ್ ಕಡಿಮೆ ಆಯಿತು ಅಂತ ಕೂಗಾಡಿದರೆ ಸೀಲು ಬಿದ್ದ ಆ ಕಾಗದ ತೋರಿಸು. ಅದಕ್ಕೂ ಬಗ್ಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅದೇ ಕಾಗದದ ನಕಲು ಹೋಗಲಿ.

ಈಗ ಹಾಲಿನ ಮಾತು. ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

1988ರಲ್ಲಿ ನಾನು ಮಂಡ್ಯ ಜಿಲ್ಲೆಯ ಗಡಿಯ ಒಂದು ಉಪಕೇಂದ್ರದಲ್ಲಿ ನರ್ಸಮ್ಮ. ಮೊದಲ ಮಗನಿಗೆ ಮೂರು ತಿಂಗಳು ತುಂಬಿದ ಮೇಲೆ ಕೆಲಸಕ್ಕೆ ಹೋದೆ. ವ್ಯಾಕ್ಸಿನ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮೂರು ಹಳ್ಳಿ ನಡೆಯೋದು. ಬೇರೆಯವರ ಕೂಸು ಅತ್ತರೆ ಸಾಕು, ನನ್ನ ರವಿಕೆ ಒದ್ದೆ. ಒಂದು ದಿನ ಶಾಲೆಯ ಹಿಂದಿನ ಹೊಂಗೆಮರದ ಬುಡಕ್ಕೆ ಹೋಗಿ, ಎದೆ ಕಲ್ಲಾಗಿತ್ತು, ಹಿಂಡಿ ಹಿಂಡಿ ಮಣ್ಣಿಗೆ ಬಿಟ್ಟೆ. ಇರುವೆ ಬಂದು ಮುತ್ತಿಕೊಂಡವು. ಅದೇ ಹೊತ್ತಿಗೆ ಮನೆಯಲ್ಲಿ ನನ್ನ ಮಗ ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಯುತ್ತಿದ್ದ. ಎರಡು ವಾರಕ್ಕೆ ಭೇದಿ ಹಿಡಿಯಿತು. ಕಣ್ಣು ಒಳಗೆ ಹೋಗಿ, ನೆತ್ತಿ ತಗ್ಗಾಗಿ, ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಊರಿನ ತಾಯಂದಿರಿಗೆಲ್ಲ ಎದೆಹಾಲಿನ ಪಾಠ ಹೇಳುತ್ತಿದ್ದ ನನಗೇ ಯಾರೂ ಒಂದು ಮಾತು ಹೇಳಿಕೊಟ್ಟಿರಲಿಲ್ಲ, ಆ ಹಾಲನ್ನು ಮಣ್ಣಿಗೆ ಬಿಡಬೇಕಿಲ್ಲ, ತೆಗೆದು ಇಡಬಹುದು ಅಂತ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ಪಂಪು ಕೊಳ್ಳಬೇಕಾಗಿಲ್ಲ, ಕೈ ಸಾಕು. ಇವತ್ತಿಂದಲೇ ಅಭ್ಯಾಸ ಮಾಡು, ಮೊದಲ ದಿನ ಫ್ಯಾಕ್ಟರಿಯಲ್ಲಿ ಕಲಿಯೋಕೆ ಹೋಗಬೇಡ. ಸೋಪು ಹಾಕಿ ಕೈ ತೊಳೆ. ಅಗಲ ಬಾಯಿಯ ಸ್ಟೀಲ್ ಡಬ್ಬಿಯನ್ನು ಹತ್ತು ನಿಮಿಷ ಕುದಿಯೋ ನೀರಲ್ಲಿ ಇಟ್ಟು ಆರಿಸಿರು. ಹೆಬ್ಬೆರಳನ್ನು ತೊಟ್ಟಿನ ಸುತ್ತಲ ಕಪ್ಪಿನ ಮೇಲಂಚಿಗೆ ಇಡು, ತೋರುಬೆರಳು ಕೆಳಂಚಿಗೆ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತು, ಆಮೇಲೆ ಎರಡು ಬೆರಳನ್ನೂ ಸೇರಿಸಿ ಅಮುಕು, ಬಿಡು. ಒತ್ತು, ಅಮುಕು, ಬಿಡು. ಹಸುವಿನ ಕೆಚ್ಚಲು ಎಳೆದ ಹಾಗೆ ತೊಟ್ಟು ಎಳೆಯಬೇಡ, ನೋವಾಗುತ್ತೆ, ಹಾಲೂ ಬರಲ್ಲ. ಮೊದಲ ಒಂದೆರಡು ನಿಮಿಷ ಏನೂ ಬರದೆ ಇರಬಹುದು. ಆಮೇಲೆ ಹನಿ, ಆಮೇಲೆ ಎಳೆ ಎಳೆಯಾಗಿ ಚಿಮ್ಮುತ್ತೆ. ನಿಂತಾಗ ಬೆರಳನ್ನು ಸ್ವಲ್ಪ ತಿರುಗಿಸಿ ಬೇರೆ ಕಡೆ ಒತ್ತು. ಹದಿನೈದು ನಿಮಿಷದ ಬಿಡುವಿನಲ್ಲಿ ಎರಡೂ ಕಡೆ ಆಗುತ್ತೆ. ಫೋನಲ್ಲಿ ಮಗಳ ಅಳುವೋ ನಗುವೋ ರೆಕಾರ್ಡ್ ಮಾಡಿಟ್ಟುಕೊಂಡು ಕೇಳು. ಹಾಲು ಬೇಗ ಇಳಿಯುತ್ತೆ, ನೋಡು.

ಮೊದಲ ದಿನ ಎರಡು ಚಮಚ ಬಂದರೆ ಅಳಬೇಡ. ಮಗು ಚೀಪಿದಷ್ಟು ಕೈಗೆ ಬರಲ್ಲ, ವಾರದಲ್ಲಿ ಏರುತ್ತೆ.

ಹೊರಗೆ ನೆರಳಲ್ಲಿ, ತಂಪು ಕೋಣೆಯಲ್ಲಿ ಆ ಹಾಲು ನಾಲ್ಕು ಗಂಟೆ ಇರುತ್ತೆ. ನಮ್ಮ ಕಡೆ ಏಪ್ರಿಲ್, ಮೇ ಸೆಖೆಯಲ್ಲಿ ಅಷ್ಟು ಹೊತ್ತು ನೆಚ್ಚಿಕೊಳ್ಳಬೇಡ. ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೂ ಇಡಬಹುದು ಅಂತ ಅಮೆರಿಕದ ಆರೋಗ್ಯ ಇಲಾಖೆಯವರು ಹೇಳುತ್ತಾರೆ, ಆದರೆ ಕರೆಂಟು ಹೋಗಿ ಬರೋ ನಮ್ಮ ಹಳ್ಳಿಗಳಿಗೆ ನಾನು ಹೇಳೋದು 24 ಗಂಟೆ. ಒಳಗಡೆ ಹಿಂದಕ್ಕೆ ತಳ್ಳಿ ಇಡು, ಬಾಗಿಲಲ್ಲಿ ಇಡಬೇಡ. ಫ್ಯಾಕ್ಟರಿಯಲ್ಲಿ ಆ ಎರಡು ಬಿಡುವಿನಲ್ಲಿ, ಊಟದ ಬಿಡುವಿನಲ್ಲಿ, ಹೀಗೆ ಮೂರು ಸಲ ತೆಗೆದದ್ದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಐಸ್ ತುಂಬಿದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಇಳಿಸಿ ಸಂಜೆ ಮನೆಗೆ ತಾ. ಅದು ನಾಳೆಯ ಹಾಲು. ಸೋಮವಾರಕ್ಕೆ ಮಾತ್ರ ಭಾನುವಾರ ರಾತ್ರಿ, ಸೋಮವಾರ ಬೆಳಗಿನ ಜಾವ ತೆಗೆದಿಡಬೇಕು. ಏಳೂಮುಕ್ಕಾಲಿಗೆ ವ್ಯಾನು ಅಂದರೆ ಏಳೂವರೆಗೆ ಒಂದು ಸಲ ಹೊಟ್ಟೆ ತುಂಬ ಕುಡಿಸಿಯೇ ಹೊರಡು. ಸಂಜೆ ಐದೂವರೆ ಮೇಲೆ ಅತ್ತೆ ಏನೂ ಕೊಡದೆ ಇರಲಿ, ಬಂದ ಕೂಡಲೇ ನೀನೇ ಕೊಡು. ಮಧ್ಯೆ ಮೂರು ನಾಲ್ಕು ಸಲ, ಸಲಕ್ಕೆ 80ರಿಂದ 100 ಎಂ.ಎಲ್. ಬೇಕಾಗುತ್ತೆ.

ಬಾಟಲಿ ಬೇಡ. ನಿಮ್ಮ ಮನೆಯಲ್ಲಿ ಒಳಲೆ, ಅದೇ ಕೂಸಿಗೆ ಕುಡಿಸೋ ಮೂತಿಯ ಪುಟ್ಟ ಬಟ್ಟಲು, ಇರುತ್ತೆ, ಅಟ್ಟದ ಮೇಲಿನ ಹಳೇ ಪಾತ್ರೆಗಳ ಮಧ್ಯೆ ಹುಡುಕಿಸು. ನಿಮ್ಮ ಯಜಮಾನರಿಗೆ ಅವರ ಅಮ್ಮ ಅದರಲ್ಲೇ ಹರಳೆಣ್ಣೆ ಹಾಕಿದ್ದಿರಬೇಕು. ಎಣ್ಣೆ ಈಗ ಬೇಡ, ಒಳಲೆ ಬೇಕು. ಕುದಿಸಿ ಇಡು. ಮಗುವನ್ನು ಮಲಗಿಸಿ ಬಾಯಿಗೆ ಸುರಿಯೋದಲ್ಲ. ತೊಡೆಯ ಮೇಲೆ ಕೂರಿಸಿ, ಬೆನ್ನಿಗೆ ಕೈ ಆನಿಸಿ, ಒಳಲೆಯ ಮೂತಿ ಕೆಳತುಟಿಗೆ ತಾಗಿಸಿದರೆ ತಾನೇ ಹೀರಿಕೊಳ್ಳುತ್ತೆ. ಹಾಲಿನ ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ ಬೆಚ್ಚಗೆ ಮಾಡಬೇಕು, ಒಲೆ ಮೇಲೆ ಇಡಬಾರದು. ಒಂದು ವಿಷಯ ಅತ್ತೆಗೆ ಮೊದಲೇ ಹೇಳಿರು: ಇಟ್ಟ ಹಾಲಿನಲ್ಲಿ ಕೆನೆ ಮೇಲೆ ನಿಂತು ಕೆಳಗೆ ತಿಳಿಯಾಗಿ ಕಾಣುತ್ತೆ. ಒಡೆದಿದೆ ಅಂತ ಚೆಲ್ಲಿಬಿಟ್ಟಾರು. ಮೆಲ್ಲಗೆ ಡಬ್ಬಿ ಅಲ್ಲಾಡಿಸಿದರೆ ಸರಿಹೋಗುತ್ತೆ.

ಅತ್ತೆಯ ಜೊತೆ ವಾದಕ್ಕೆ ನಿಲ್ಲಬೇಡ. ಅವರು ಕೆಟ್ಟವರಾಗಿ ಡಬ್ಬಿ ಹಾಲು ಕೇಳುತ್ತಿಲ್ಲ. ಕೂಸು ಹಸಿದು ಅತ್ತರೆ ಏನು ಮಾಡಲಿ ಅನ್ನೋ ಹೆದರಿಕೆ ಅವರದು. ಮುಂದಿನ ವಾರ ಎರಡು ದಿನ ನೀನು ಮನೆಯಲ್ಲಿ ಇದ್ದುಕೊಂಡೇ ಬೇರೆ ಕೋಣೆಗೆ ಹೋಗು, ಮಧ್ಯಾಹ್ನದ ಹಾಲನ್ನು ಅವರೇ ಒಳಲೆಯಲ್ಲಿ ಕುಡಿಸಲಿ. ಮಗು ಅವರ ಕೈಯಲ್ಲಿ ಕುಡಿದು ತೇಗಿದ ಮೇಲೆ ಅವರ ಹೆದರಿಕೆ ತಾನೇ ಇಳಿಯುತ್ತೆ. ಜೊತೆಗೆ ಸರಿ ಹಿಟ್ಟಿನ ಕೆಲಸ ಅವರಿಗೇ ಒಪ್ಪಿಸಿಬಿಡು. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿಸಿ, ತೆಳು ಬಿಳಿ ಬಟ್ಟೆಯಲ್ಲಿ ಜಾಲಿಸಿ ಇಡೋದು ಅವರಿಗೆ ಬರೋ ಹಾಗೆ ನಿನಗೂ ಬರಲ್ಲ, ನನಗೂ ಬರಲ್ಲ. ಆರು ತಿಂಗಳು ತುಂಬೋ ಹೊತ್ತಿಗೆ ಹಿಟ್ಟು ಸಿದ್ಧವಿರಲಿ. ವರ್ಷ ತುಂಬೋವರೆಗೆ ಉಪ್ಪು, ಸಕ್ಕರೆ ಬೇಡ, ಜೇನುತುಪ್ಪವಂತೂ ನೆಕ್ಕಿಸಲೇಬಾರದು ಅಂತ ಮಾತ್ರ ಹೇಳು.

ಎಷ್ಟು ಮಾಡಿದರೂ ಕೆಲವು ದಿನ ಹಾಲು ಸಾಲದೆ ಹೋಗಬಹುದು. ಆಗ ಡಾಕ್ಟರನ್ನು ಕೇಳಿ ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ನೀನು ತಪ್ಪು ಮಾಡಿದ ಹಾಗಲ್ಲ. ಡಬ್ಬಿಯಲ್ಲಿ ಬರೆದ ಅಳತೆಗಿಂತ ಒಂದು ಚಮಚ ನೀರೂ ಹೆಚ್ಚಾಗಬಾರದು, ಕುದಿಸಿ ಆರಿಸಿದ ನೀರೇ ಆಗಬೇಕು, ಕೊಡೋದು ಒಳಲೆಯಲ್ಲೇ. ಉಳಿದ ಹೊತ್ತಿನ ನಿನ್ನ ಹಾಲು ನಿಲ್ಲಿಸಬೇಡ. 37,500ರ ಲೆಕ್ಕ ನಿಮ್ಮ ಯಜಮಾನರಿಗೆ ಒಪ್ಪಿಗೆ ಆಯಿತಾ ಅಂತ ನನಗೆ ಬರೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಲೇತ್ ಶಾಪ್ ಇಟ್ಟುಕೊಂಡಿದ್ದೇನೆ. ಪತ್ನಿ ಬ್ಯಾಂಕಿನಲ್ಲಿ ಕ್ಲರ್ಕ್. ಮಗನಿಗೆ ಏಳು ತಿಂಗಳು. ಅವಳು ಕೆಲಸಕ್ಕೆ ಹೋಗಲು ಶುರು ಮಾಡಿ ಒಂದೂವರೆ ತಿಂಗಳಾಯಿತು. ರಾತ್ರಿ ಮೂರು ಸಲ ಏಳುತ್ತಾಳೆ, ಬೆಳಿಗ್ಗೆ ಕೌಂಟರಿನಲ್ಲಿ ಲೆಕ್ಕ ತಪ್ಪುತ್ತಿದೆ ಎಂದು ಅಳುತ್ತಾಳೆ. ರಾತ್ರಿ ನಾನೇ ಡಬ್ಬಿ ಹಾಲು ಕೊಟ್ಟು ಅವಳಿಗೆ ನಿದ್ದೆ ಮಾಡಲು ಬಿಡಬಹುದೇ?

ಉತ್ತರ: ಹೀಗೆ ಕೇಳಿ ಬರೆಯೋ ಗಂಡಂದಿರು ನನಗೆ ಅಪರೂಪ, ಸಂತೋಷವಾಯಿತು. ಆದರೆ ರಾತ್ರಿಯ ಹಾಲನ್ನೇ ತಪ್ಪಿಸಬೇಡಿ. ಹಾಲು ಊರಿಸೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು. ಹಗಲೆಲ್ಲ ಬ್ಯಾಂಕಿನಲ್ಲಿ ಇರೋ ತಾಯಿಗೆ ಹಾಲು ಉಳಿಯೋದೇ ರಾತ್ರಿ ಕುಡಿಸೋದರಿಂದ. ಅದು ನಿಂತರೆ ಎರಡು ಮೂರು ವಾರದಲ್ಲಿ ಹಗಲಿನ ಹಾಲೂ ಇಳಿಯಬಹುದು, ಆಗ ಅವರ ಅಳು ಇನ್ನೂ ಹೆಚ್ಚುತ್ತೆ.

ನೀವು ಹೀಗೆ ಮಾಡಿ. ಮಗು ಮುಲುಗಿದ ಕೂಡಲೇ, ಅಳೋಕೆ ಮುಂಚೆ, ನೀವೇ ಏಳಿ. ಬಟ್ಟೆ ಒದ್ದೆಯಾಗಿದ್ದರೆ ನೀವೇ ಬದಲಿಸಿ. ಮಗುವನ್ನು ಎತ್ತಿ ಅವರ ಪಕ್ಕಕ್ಕೆ ಮಲಗಿಸಿ. ಅವರು ಮಗ್ಗುಲಾಗಿ ಮಲಗಿದ ಹಾಗೇ ಕುಡಿಸಲಿ, ಕೂರೋದು ಬೇಡ, ದೀಪ ಹಾಕೋದು ಬೇಡ. ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸಿ ಅದರ ಹಾಸಿಗೆಯಲ್ಲಿ ಮಲಗಿಸೋದು ನಿಮ್ಮ ಕೆಲಸ. ಹೀಗಾದರೆ ಅವರಿಗೆ ಅರ್ಧ ನಿದ್ದೆಯಾದರೂ ಉಳಿಯುತ್ತೆ. ಸಂಜೆ ಬ್ಯಾಂಕಿನಿಂದ ಬಂದವರು ಅಡುಗೆಮನೆಗೆ ಹೋಗದೆ ಸೀದಾ ಮಗುವಿನ ಹತ್ತಿರ ಕೂರೋ ಹಾಗೆ ಮಾಡಿ. ಲೇತ್ ಹಿಡಿಯೋ ಕೈಗೆ ರೊಟ್ಟಿ ಬಡಿಯೋದು ಕಷ್ಟವಲ್ಲ, ನಾಲ್ಕು ದಿನದ ಅಭ್ಯಾಸ. ಆದರೆ ಶಾಪಿನಿಂದ ಬಂದ ಕೂಡಲೇ ಮಗು ಮುಟ್ಟಬೇಡಿ. ಕಬ್ಬಿಣದ ಹುಡಿ, ಎಣ್ಣೆ ಇರುತ್ತೆ, ಅಂಗಿ ಬದಲಿಸಿ ಮೊಳಕೈವರೆಗೆ ತೊಳೆದುಕೊಳ್ಳಿ.

ಇನ್ನು ಅಳು ದಿನವೂ ಇದ್ದು, ಊಟ ಸೇರದೆ, ಮಗು ಮಲಗಿದ್ದಾಗಲೂ ಅವರಿಗೆ ನಿದ್ದೆ ಬಾರದಿದ್ದರೆ ಅದು ಬರೀ ಸುಸ್ತಲ್ಲ. ಬಾಣಂತನದ ನಂತರದ ಖಿನ್ನತೆ ಇರಬಹುದು, ವರ್ಷದೊಳಗೆ ಯಾವಾಗ ಬೇಕಾದರೂ ಬರುತ್ತೆ. ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ.

ಪ್ರಶ್ನೆ: (ಮೈಸೂರಿನಿಂದ, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಬರೆಸಿದ ಕಾಗದ) ನಾನು ನಾಲ್ಕು ಮನೆ ಕೆಲಸ ಮಾಡುತ್ತಿದ್ದೆ. ಹೆರಿಗೆಗೆ ಹೋದಾಗ ಎರಡು ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ಮಗುಗೆ ಮೂರು ತಿಂಗಳು, ಚೊಚ್ಚಲು. ಅಮ್ಮನ ಹತ್ತಿರ ಬಿಟ್ಟು ಹೋಗಿ ನಡುವೆ ಓಡಿಬಂದು ಹಾಲು ಕೊಡುತ್ತೇನೆ. ಬಿಸಿಲಲ್ಲಿ ಬಂದು ಕೊಟ್ಟರೆ ಕಾದ ಹಾಲು, ಮಗುಗೆ ಭೇದಿ ಆಗುತ್ತೆ, ಮೊದಲ ಹಾಲು ಹಿಂಡಿ ಚೆಲ್ಲು ಅಂತಾರೆ ಅಮ್ಮ. ನಿಜವಾ?

ಉತ್ತರ: ನಿನಗೆ 26 ವಾರದ ರಜೆಯ ಕಾನೂನು ಹೇಳೋಕೆ ನನಗೆ ಬಾಯಿ ಬರಲ್ಲ ತಾಯಿ. ಮನೆಗೆಲಸದವರಿಗೆ ಅದು ಮುಟ್ಟಿಲ್ಲ, ಅದು ನನಗೆ ನೋವಿನ ಸಂಗತಿ. ಇರೋದನ್ನು ಹೇಳುತ್ತೇನೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲು ಮಗುವಿಗೆ 5,000 ರೂಪಾಯಿ ಬರುತ್ತೆ. ಅಂಗನವಾಡಿ ಟೀಚರ್ ಹತ್ತಿರ ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಈ ವಾರವೇ ಹೋಗು, ತಡವಾದರೆ ಅರ್ಜಿ ತಗೊಳ್ಳಲ್ಲ. ಬಾಣಂತಿಯರಿಗೆ ಅಲ್ಲಿ ಏನೇನು ಊಟ, ರೇಷನ್ ಸಿಗುತ್ತೆ ಅಂತಲೂ ಅದೇ ದಿನ ಕೇಳು. ಉಳಿದ ಎರಡು ಮನೆಯವರಲ್ಲಿ ಒಬ್ಬರನ್ನಾದರೂ ಕೇಳಿನೋಡು, ಕೂಸನ್ನು ಕರೆತಂದು ಒಂದು ಮೂಲೆಯಲ್ಲಿ ಸೀರೆ ಹಾಸಿ ಮಲಗಿಸಲಾ ಅಂತ. ಇದನ್ನು ಓದುತ್ತಿರೋ ಮನೆಯೊಡತಿಯರೇ, ನಿಮ್ಮ ಮನೆಗೆ ಬರೋ ಬಾಣಂತಿ ಕೇಳೋವರೆಗೂ ಕಾಯಬೇಡಿ, ನೀವೇ ಹೇಳಿ. ಫ್ಯಾನಿನ ಕೆಳಗೆ ಒಂದು ಚಾಪೆ, ಕಾಲು ಗಂಟೆ ಬಿಡುವು, ಅಷ್ಟೇ ಬೇಕಾದದ್ದು.

ಕಾದ ಹಾಲಿನ ಮಾತು ನಿಜವಲ್ಲ. ನೀನು ಎಷ್ಟೇ ಬಿಸಿಲಲ್ಲಿ ಬಂದರೂ, ಎಷ್ಟೇ ದಣಿದಿದ್ದರೂ ಎದೆಯೊಳಗಿನ ಹಾಲು ಕೆಡೋದೂ ಇಲ್ಲ, ಕಾಯೋದೂ ಇಲ್ಲ. ಆ ಮೊದಲ ಹಾಲಲ್ಲಿ ಮಗುವಿನ ಬಾಯಾರಿಕೆ ತೀರಿಸೋ ನೀರಿದೆ, ಅದನ್ನು ಚೆಲ್ಲಿದರೆ ಬೇಸಿಗೆಯಲ್ಲಿ ಮಗುವಿನ ಗಂಟಲೇ ಒಣಗೋದು. ಭೇದಿ ಆಗೋದು ಕೈ ತೊಳೆಯದೆ ಮುಟ್ಟೋದರಿಂದ, ಮಧ್ಯೆ ಮಧ್ಯೆ ನೀರು, ಸಕ್ಕರೆ ನೀರು ಹಾಕೋದರಿಂದ. ಅಮ್ಮನಿಗೆ ನಾನು ಹೇಳಿದೆ ಅಂತ ಹೇಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಾತ್ರೆ ಸೋಪಿನ ಕೈಯನ್ನು ತೊಳೆದು, ಬೆವರು ಒರೆಸಿಕೊಂಡು ಒಂದು ಚೊಂಬು ನೀರು ಕುಡಿ. ಕುಡಿಯುತ್ತಲೇ ಮಗುವನ್ನು ಎತ್ತಿಕೊ.